ಟವೆಲ್ ಕೆಳಗಿನ ಕೈ

ಅಹವಾಲು ಸಭೆಗಳ ನಡಾವಳಿ ಬರೆದೂ ಬರೆದೂ ನನ್ನ ತಲೆ ನೆರೆತಿದೆ. ಯಾರು ಏನಂದರು, ಯಾರು ರೇಗಿ ಎದ್ದು ಹೋದರು, ಒಂದೂ ಬಿಡುವವನಲ್ಲ. ದೆವ್ವ ಭೂತ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೀಗಿದ್ದೂ ಹನುಮಂತಯ್ಯನವರ ಹೇಳಿಕೆಯಲ್ಲಿ ಸ್ವಲ್ಪ ಭಾಗವನ್ನು ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ಇಲ್ಲಿ ಹೇಳುತ್ತೇನೆ.

ಹನುಮಂತಯ್ಯ ನಗರದಂಚಿನ ಉಲ್ಲಾಳದವರು, ನಲವತ್ತು ವರ್ಷದಿಂದ ಅವರೆಕಾಯಿ ದಲ್ಲಾಳಿ. ವ್ಯಾಪಾರವೆಲ್ಲ ಹಳೆಯ ಪದ್ಧತಿಯದು. ಕೊಳ್ಳುವವರೂ ಮಾರುವವರೂ ಒಂದು ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಅದುಮಿಯೇ ದರ ಹೇಳಬೇಕು. ಒಪ್ಪಿಗೆಯಾದರೆ ಎದುರಿನವರ ಐದೂ ಬೆರಳು ಮಡಿಸಿ ಮುಷ್ಟಿ ಮಾಡಿಬಿಡುವುದು. ಅಲ್ಲಿಗೆ ವ್ಯಾಪಾರ ಮುಗಿಯಿತು, ಮತ್ತೆ ಕೈ ಹಿಡಿಯುವಂತಿಲ್ಲ. ಸರ್ಕಾರ ತರಲಿರುವ ಮಾರುಕಟ್ಟೆಯ ಹೊಸ ನಿಯಮ ಬಂದರೆ ಇದೆಲ್ಲ ಬಂದ್. ಎಲ್ಲರಿಗೂ ಕಾಣುವಂತೆ ಪರದೆಯ ಮೇಲೆ ಹರಾಜು.

ಆ ನಿಯಮದ ಬಗ್ಗೆ ಆಕ್ಷೇಪಣೆ ಕೇಳಲು ಆಷಾಢದ ಒಂದು ಮಧ್ಯಾಹ್ನ ದೀಪಾಂಜಲಿ ನಗರದಲ್ಲಿ ಸಭೆ. ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ ಅವರನ್ನು ಕಾಫಿಗೆ ಕರೆದೆ. ರೈತರಿಗೆ ಒಳ್ಳೆಯದಾದರೆ ನಿಮಗೇನು ಕಷ್ಟ ಎಂದು ಕೆಣಕಿದೆ.

“ಒಳ್ಳೇದೇ ಸಾರ್. ಟವೆಲ್ ಕೆಳಗೆ ಮೋಸ ನಡೆಯುತ್ತೆ, ನಾನೂ ಮಾಡಿದೀನಿ,” ಎಂದರು. ಆಮೇಲೆ ಲೋಟ ಕೆಳಗಿಟ್ಟರು. “ನಮ್ಮನೆಯೋಳು ಮುನಿಲಕ್ಷ್ಮಮ್ಮ ಹೋಗಿ ಎರಡು ವರ್ಷ ಆಯ್ತು. ಅವರೆ ಮಾರೋಕೆ ಬಂದಿದ್ಲು, ಮೊದಲ ಸಲ ಅವ್ಳ ಕೈ ಹಿಡ್ದಿದ್ದು ಟವೆಲ್ ಕೆಳಗೇನೇ. ಈಗ್ಲೂ ಬರ್ತಾಳೆ. ನಾನು ಯಾರ ಕೈ ಹಿಡಿದ್ರೂ ನಡುವೆ ಅವ್ಳ ಕೈ ಬರುತ್ತೆ. ಕುಡುಗೋಲು ತಗ್ಲಿ ಕಿರುಬೆರಳು ಸೊಟ್ಟ ಆಗಿತ್ತು, ನಂಗೆ ಗೊತ್ತಾಗಲ್ವಾ? ಟವೆಲ್ ತೆಗೆದ್ರೆ ಅವ್ಳನ್ನ ಎಲ್ಲಿ ಹುಡುಕ್ಲಿ?”

ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ಪಾಪ ಅಂತಲೂ ಅನ್ನಿಸಿತು.

ಸಭೆ ನಡೆಸಿದವರು ಸ್ಮೃತಿ ಎಂಬ ಚಿಕ್ಕ ವಯಸ್ಸಿನ ಅಧಿಕಾರಿ. ಹನುಮಂತಯ್ಯ ಎದ್ದು, “ಟವೆಲ್ ಇರ್ಲಿ ಮೇಡಂ,” ಎಂದಷ್ಟೇ ಹೇಳಿದರು. ಕಾರಣ ಕೇಳಿದರೆ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದರು.

“ಹೇಗೆ ಮಾಡ್ತೀರಾ, ಒಂದ್ಸಲ ತೋರ್ಸಿ ಯಜಮಾನ್ರೇ,” ಎಂದು ಸ್ಮೃತಿ ನಗುತ್ತ ಬಲಗೈ ಚಾಚಿದರು. ಹನುಮಂತಯ್ಯ ತಮ್ಮ ಬಲಗೈಯಲ್ಲಿ ಅದನ್ನು ಹಿಡಿದು ಮೇಲೆ ಟವೆಲ್ ಮುಚ್ಚಿದರು. ಫ್ಯಾನಿನ ಗಾಳಿಗೆ ನನ್ನ ಕಾಗದಗಳು ಹಾರುತ್ತಿದ್ದವು. ಟವೆಲಿನ ಅಂಚು ಮಾತ್ರ ಅಲುಗಲಿಲ್ಲ.

ಸ್ಮೃತಿಯವರ ನಗು ನಿಂತಿತು. “ಇದು… ಇನ್ನೊಂದು ಕೈ ಯಾರ್ದು?”

ಜನ ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ. ಹನುಮಂತಯ್ಯನವರ ಎಡಗೈ ಮೇಜಿನ ಅಂಚು ಹಿಡಿದಿದ್ದನ್ನು ಕಣ್ಣಾರೆ ನೋಡುತ್ತಿದ್ದೆ.

“ತಣ್ಣಗಿದೆ. ಕಿರುಬೆರಳು ಸೊಟ್ಟಗಿದೆ,” ಎಂದು ಸ್ಮೃತಿ ಥಟ್ಟನೆ ಕೈ ಎಳೆದುಕೊಂಡರು.

ಆಕೆ ಕೈ ತೆಗೆದ ಮೇಲೂ ಟವೆಲ್ ಕುಸಿಯಲಿಲ್ಲ. ಹನುಮಂತಯ್ಯನವರ ಮುಖ ಒಂದು ಕ್ಷಣ ಮದುಮಗನ ಮುಖದಂತೆ ಅರಳಿತು. ಇನ್ನೊಬ್ಬರಿಗೂ ಗೊತ್ತಾಯಿತಲ್ಲ ಎಂಬ ಸಂತೋಷ. ಅಷ್ಟರಲ್ಲಿ ಟವೆಲ್ ಒಂದು ಸಲ ಅಲುಗಿತು. ಮತ್ತೊಂದು ಸಲ. ಅವರ ಮುಖ ಬಾಡಿತು.

“ಬೇಡ ಕಣೇ,” ಎಂದರು ಮೆಲ್ಲಗೆ. “ಇನ್ನೊಂದು ಸ್ವಲ್ಪ ದಿನ ಇರು.”

ಐದು ಸಲ ಅಲುಗಿ ಟವೆಲ್ ಕುಸಿಯಿತು. ಸಭೆಯ ತುಂಬ ಸೊಗಡು ಅವರೆಕಾಯಿಯ ವಾಸನೆ. ಚಳಿಗಾಲದ ಆ ಸೊಗಡು ಆಷಾಢದಲ್ಲಿ ಎಲ್ಲಿಂದ ಬರಬೇಕು? ಸ್ಮೃತಿ ತಮ್ಮ ಅಂಗೈ ಮೂಸಿ ನೋಡಿ ಸೀರೆಗೆ ಒರೆಸಿಕೊಂಡರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

“ಐದೂ ಬೆರಳು ಮಡಿಸಿ ಅವ್ಳೇ ಮುಗಿಸಿಬಿಟ್ಲು ಸಾರ್,” ಎಂದರು ಹನುಮಂತಯ್ಯ ನನ್ನ ಕಡೆ ತಿರುಗಿ. “ಟವೆಲ್ ಬೇಡ ಅಂತಾನೇ ಬರ್ಕೊಳಿ.”

ಆಕ್ಷೇಪಣೆ ಹಿಂಪಡೆದಿದ್ದಾರೆ ಎಂದು ಬರೆದು ಪೆನ್ನು ಕೊಟ್ಟೆ. ಎಡಗೈಯಲ್ಲಿ ಸೊಟ್ಟಸೊಟ್ಟಗೆ ಸಹಿ ಹಾಕಿದರು. ಬಲಗೈ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು ಮೆಟ್ರೋ ಕಡೆ ನಡೆದರು. ತಿರುವಿನವರೆಗೂ ನೋಡಿದೆ, ಮುಷ್ಟಿ ಬಿಚ್ಚಲಿಲ್ಲ.