ಕೆಂಪು ಚುಕ್ಕೆ ಇಲ್ಲದ ಬ್ರೇಕ್ ಪ್ಯಾಡ್

ಮುಂದೆ ಗ್ಯಾರೇಜು, ಹಿಂದೆ ಮನೆ. ಮೇಸ್ತ್ರಿ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತರಿಸುವ ಕಾರಿನ ಬಿಡಿಭಾಗಗಳೆಲ್ಲ ಮೊದಲು ಹೋಗುತ್ತಿದ್ದದ್ದು ಅಡುಗೆಮನೆಗೆ, ಅವನ ಹೆಂಡತಿಯ ಕೈಗೆ. ಒಲೆಯ ಮೇಲೆ ಹಾಲು ಕಾಯುವಷ್ಟರಲ್ಲಿ ಅವಳು ಪಾರ್ಸೆಲ್ ಬಿಚ್ಚಿ, ಹಿಟ್ಟು ತೂಗುವ ತಕ್ಕಡಿಯಲ್ಲಿ ಬ್ರೇಕ್ ಪ್ಯಾಡ್‌ಗಳನ್ನು ಒಂದೊಂದಾಗಿ ಇಡುವಳು. ಒಂದೇ ಡಬ್ಬಿಯ ನಾಲ್ಕು ಪ್ಯಾಡು ನಾಲ್ಕು ತೂಕ ತೋರಿಸಿದರೆ ಅದರ ಕಥೆ ಅಲ್ಲಿಗೇ ಮುಗಿಯಿತು. ಆಮೇಲೆ ಉಗುರಿನಿಂದ ಅಂಚು ಕೆರೆಯುವಳು, ಪುಡಿ ಉದುರಬಾರದು. ಕೊನೆಗೆ ಕಿಟಕಿಯ ಬೆಳಕಿಗೆ ಹಿಡಿದು, ಕಬ್ಬಿಣದ ತಟ್ಟೆಗೂ ಅದಕ್ಕೆ ಅಂಟಿಸಿದ ಕಪ್ಪು ಪದರಕ್ಕೂ ನಡುವೆ ಬ್ಲೇಡು ತೂರುತ್ತದೆಯೇ ಎಂದು ನೋಡುವಳು. ಪಾಸಾದದ್ದರ ಬೆನ್ನಿಗೆ ನೇಲ್ ಪಾಲಿಶ್‌ನ ಒಂದು ಕೆಂಪು ಚುಕ್ಕೆ ಇಟ್ಟು ಎಡಗಡೆಯ ಶೆಲ್ಫಿಗೆ. ಫೇಲಾದದ್ದು ಬಲಗಡೆಗೆ, ವಾಪಸ್ ಕಳಿಸಲು.

ಯಾರೂ ಹೇಳಿಕೊಟ್ಟ ವಿದ್ಯೆಯಲ್ಲ. ಒಂದೇ ಒಗೆತಕ್ಕೆ ಬಣ್ಣ ಬಿಡುವ ಬಟ್ಟೆ, ಹಿಡಿ ಕಳಚುವ ಬಾಣಲೆ ಇವುಗಳ ಜೊತೆ ಸಂಸಾರ ಮಾಡಿದವಳಿಗೆ ಅನುಮಾನಪಡುವುದೂ ಒಂದು ಮನೆಗೆಲಸ. ಹದಿನಾಲ್ಕು ವರ್ಷ ಹೀಗೇ ನಡೆಯಿತು. ಗಿರಾಕಿಗಳು "ಮೇಸ್ತ್ರಿ ಕೈಗುಣ" ಎಂದರು. ಮೇಸ್ತ್ರಿ ಮೀಸೆಯಡಿಯಲ್ಲೇ ನಕ್ಕ.

ಚುಕ್ಕೆಯ ಗುಟ್ಟು ಗೊತ್ತಿದ್ದವಳು ಎದುರುಮನೆಯ ಟೈಲರ್ ಒಬ್ಬಳೇ. ನಲವತ್ತರ ಹತ್ತಿರ ಡ್ರೈವಿಂಗ್ ಕಲಿತು, ಹಳೆಯ ಪುಟ್ಟ ಕಾರೊಂದನ್ನು ಕೊಂಡು, ಹೊಲಿದ ಯೂನಿಫಾರ್ಮುಗಳನ್ನು ತಾನೇ ಅಂಗಡಿಗಳಿಗೆ ಮುಟ್ಟಿಸುತ್ತಿದ್ದಳು.

"ಅಕ್ಕಾ, ನಿನ್ನ ಚುಕ್ಕೆ ಇಲ್ದೆ ನನ್ನ ಗಾಡಿಗೆ ಏನೂ ಹಾಕಿಸ್ಬೇಡ."

"ನಿನ್ನ ತಲೆಗೂ ಒಂದು ಇಡ್ಲಾ?"

"ಇಡು. ಒಳಗೆ ಏನಾದ್ರೂ ಇದ್ಯಾ ಅಂತ ತೂಗಿ ನೋಡಿ ಇಡು!"

ಒಂದು ಬುಧವಾರ, ಟೈಲರಿನ ಕಾರಿಗೆಂದೇ ಬಂದ ಪ್ಯಾಡೊಂದರಲ್ಲಿ ಬ್ಲೇಡು ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಮೇಸ್ತ್ರಿಯ ಹೆಂಡತಿ ಇಡೀ ಡಬ್ಬಿಯನ್ನು ಬಲಗಡೆಗೆ ಇಟ್ಟು ಗ್ಯಾರೇಜಿಗೆ ಬಂದಳು.

"ರೀ, ಇವತ್ತು ಬಂದಿದ್ದು ಬೇಡ. ವಾಪಸ್ ಕಳಿಸಿ."

ಮೇಸ್ತ್ರಿ ಗಿರಾಕಿಯೊಬ್ಬನ ಕಡೆ ಕಣ್ಣು ಮಿಟುಕಿಸಿದ. "ನೋಡಿದ್ರಾ ಸಾರ್, ಹಿಟ್ಟಿನ ತಕ್ಕಡೀಲಿ ಬ್ರೇಕ್ ತೂಗ್ತಾಳೆ. ನಾಳೆ ಸೌಟು ಹಿಡ್ಕೊಂಡು ಆಯಿಲ್ ಚೇಂಜಿಗೂ ಬರ್ತಾಳೆ."

ಗಿರಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ಒಳಗೆ ಹೋಗಿ ಪಾತ್ರೆ ತೊಳೆದಳು.

ಮರುದಿನ ಬೆಳಿಗ್ಗೆ ಬಲಗಡೆಯ ಶೆಲ್ಫು ಖಾಲಿಯಿತ್ತು. ಹೊರಗೆ ಟೈಲರ್ ರಿಪೇರಿಯಾದ ಕಾರನ್ನು ಹೊರಡಿಸುತ್ತ ಕೈ ಬೀಸಿದಳು. ಆ ಡಬ್ಬಿ ವಾಪಸ್ ಹೋಗಿರಬೇಕು, ಬೇರೆ ಪ್ಯಾಡು ಹಾಕಿರಬೇಕು ಅಂದುಕೊಂಡಳು ಇವಳು. ಗಂಡನನ್ನು ಕೇಳಬಹುದಿತ್ತು. ಕೇಳಿದರೆ ಮುಖ ಊದಿಸುತ್ತಾನೆ, ತಿಂಡಿಯ ತಟ್ಟೆ ತಳ್ಳುತ್ತಾನೆ. ಎರಡು ದಿನದ ಆ ಮುನಿಸನ್ನೂ ಇವಳೇ ಗುಡಿಸಿ ಒರೆಸಬೇಕು. ಇವಳೂ ಕೈ ಬೀಸಿದಳು.

ಇಳಿಜಾರಿನಲ್ಲಿ ಪ್ಯಾಡಿನ ಕಪ್ಪು ಪದರ ತಟ್ಟೆಯಿಂದ ಕಳಚಿತು. ಕಾರು ಗೋಡೆಗೆ ನುಗ್ಗಿತು. ಟೈಲರಿನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಹೊಲಿಗೆ ಮಿಷನ್ ತುಳಿಯುತ್ತಿದ್ದ ಕಾಲು.

ಗ್ಯಾರೇಜಿನ ಮುಂದೆ ಜನ ಸೇರಿದಾಗ ಮೇಸ್ತ್ರಿ ಎರಡೂ ಕೈ ಮೇಲೆತ್ತಿದ. "ನಾನು ಬರೀ ಫಿಟ್ ಮಾಡೋನು ಸ್ವಾಮಿ. ನೋಡಿ ಪಾಸ್ ಮಾಡೋದೆಲ್ಲ ನಮ್ಮನೆಯವಳು. ಬೇಕಾದ್ರೆ ಅವಳನ್ನೇ ಕೇಳಿ."

ಹದಿನಾಲ್ಕು ವರ್ಷಗಳಲ್ಲಿ, ಈ ಕೆಲಸ ಅವಳದು ಎಂದು ಅವನು ನಾಲ್ಕು ಜನರೆದುರು ಒಪ್ಪಿಕೊಂಡದ್ದು ಅದೇ ಮೊದಲು.

ಜಜ್ಜಿಹೋದ ಕಾರನ್ನು ಎಳೆದು ತಂದ ದಿನ, ಅವಳು ಅದರಿಂದ ಆ ಬೋಳು ತಟ್ಟೆಯನ್ನು ತಾನೇ ಬಿಚ್ಚಿ, ಅಡುಗೆಮನೆಯ ಬಟ್ಟೆಯಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಹೋದಳು.

"ನೀನೇ ಪಾಸ್ ಮಾಡಿದ್ಯಂತೆ?" ಗೋಡೆಗೆ ಮುಖ ಮಾಡಿಯೇ ಟೈಲರ್ ಕೇಳಿದಳು.

ಇವಳು ತಟ್ಟೆಯನ್ನು ಅವಳ ಕೈಯಲ್ಲಿಟ್ಟಳು. ಟೈಲರ್ ತಿರುಗಿಸಿ ನೋಡಿದಳು. ಹೆಬ್ಬೆರಳಿನಿಂದ ಮಸಿ ಉಜ್ಜಿದಳು.

"ಚುಕ್ಕೆ ಇಲ್ಲ."

"ಇಟ್ಟಿರ್ಲಿಲ್ಲ ಕಣೇ. ಬೇಡ ಅಂತ ಹೇಳಿದ್ದೆ."

ಟೈಲರಿನ ಬಿಗಿದ ಮುಖ ಒಂದು ಗಳಿಗೆ ಸಡಿಲವಾಯಿತು.

"ಯಾರಿಗೆ ಹೇಳಿದ್ದೆ?"

"ಅವರಿಗೆ."

"ನನಗೆ?"

ಎರಡು ಮನೆಗಳ ನಡುವೆ ಇದ್ದದ್ದು ಹತ್ತು ಹೆಜ್ಜೆಯ ಬೀದಿ. ಹೊದಿಕೆ ಮೊಣಕಾಲಿನವರೆಗೆ ಉಬ್ಬಿ, ಅಲ್ಲಿಂದಾಚೆ ಹಾಸಿಗೆಗೆ ಅಂಟಿಕೊಂಡಿತ್ತು. ಅದರ ತುದಿ ಜಾರುತ್ತಿತ್ತು. ಸರಿಮಾಡಲು ಇವಳು ಕೈ ಚಾಚಿದಳು.

"ಬೇಡಕ್ಕಾ," ಅಂದಳು ಟೈಲರ್.