ಕಮಲತ್ತೆ ಬಿಚ್ಚಿದ ಹೊಲಿಗೆಗಳು

ಪರದೆಯ ಅಂಚಿನಿಂದ ಬಿಚ್ಚಿದ ನೀಲಿ ದಾರದ ತುಂಡೊಂದು ಕಮಲತ್ತೆಯ ತುಟಿಯ ಮೂಲೆಯಲ್ಲಿ ಅಂಟಿಕೊಂಡಿರುತ್ತಿತ್ತು. ಹೇಳಿದರೆ ನಾಲಿಗೆಯಿಂದ ಒಳಕ್ಕೆಳೆದುಕೊಂಡು, "ಈಗ ಇಲ್ಲ ನೋಡು" ಎನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲಿ, ತಿರುವನಂತಪುರದ ಪಟ್ಟಂನಲ್ಲಿ, ಅವರು ನನ್ನ ಪಕ್ಕದ ಮನೆಯವರು. ಮಗ ರಾಘವನ ಬ್ಯಾಂಕ್ ವರ್ಗಾವಣೆಯ ಹಿಂದೆ ಪುತ್ತೂರಿನಿಂದ ಬಂದವರು. ಪಾರ್ಕಿನ್ಸನ್ ಕಾಯಿಲೆಯಿಂದ ಅವರು ಕುರ್ಚಿಯಲ್ಲಿ ಮರಗಟ್ಟಿ ಕುಳಿತದ್ದನ್ನೂ ಕಂಡಿದ್ದೇನೆ, ಕೊಚ್ಚಿಯ ಡಾಕ್ಟರು ಹೊಸ ಮಾತ್ರೆ ಕೊಟ್ಟ ಮೇಲೆ ಎದ್ದು ಬಂದು ನನ್ನ ಬಾಗಿಲು ಬಡಿದದ್ದನ್ನೂ. "ತೆಗಿ ಮಾರಾಯ್ತಿ, ನಾನೇ ನಡ್ಕೊಂಡು ಬಂದದ್ದು!"

ಕಾಲಿನ ಜೊತೆ ಕೈಗೂ ಜೀವ ಬಂತು. ಸುಮ್ಮನಿರುವುದು ಮಾತ್ರ ಬರಲಿಲ್ಲ. ದಿಂಬಿನ ಚೀಲ, ಪರದೆ, ರಾಘವನ ಪ್ಯಾಂಟು, ಹೊಲಿಗೆ ಕಂಡಲ್ಲೆಲ್ಲ ಬಿಚ್ಚುವುದು, ಹೊಲಿಯುವುದು, ಮತ್ತೆ ಬಿಚ್ಚುವುದು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಒಮ್ಮೆ ಬಸ್ ನಿಲ್ದಾಣದಲ್ಲಿ ನಾನು ಕೊಡೆ ಬಿಡಿಸಿದರೆ ಕಡ್ಡಿಗಳಷ್ಟೇ ಮೇಲೆದ್ದವು. ಬಟ್ಟೆ ನನ್ನ ಹೆಗಲಿಗೆ ಬಿತ್ತು.

"ನಿನ್ನ ಕೊಡೆಯ ಹೊಲಿಗೆ ಸೊಟ್ಟ ಇತ್ತು" ಎಂದರು ಸಂಜೆ. ಆಮೇಲೆ ಮೆಲ್ಲಗೆ, "ಬೇಡ ಅಂತ ನಂಗೂ ಗೊತ್ತುಂಟು. ಕೈ ಕೇಳುದಿಲ್ಲ. ಡಾಕ್ಟ್ರಿಗೆ ಹೇಳ್ಬೇಡ, ಮಾತ್ರೆ ನಿಲ್ಸಿಯಾರು."

ರಾಘವ ಮಾತ್ರೆ ನಿಲ್ಲಿಸಲೆಂದೇ ಹೊರಟಿದ್ದ. "ಈ ಹುಚ್ಚಿಗಿಂತ ಆ ಕುರ್ಚಿಯೇ ವಾಸಿ" ಎಂದ. ಜೊತೆಗೆ ಹೆಣ್ಣೊಬ್ಬಳಿರಲೆಂದು ಕೊಚ್ಚಿಗೆ ನನ್ನನ್ನೂ ಕರೆದೊಯ್ದರು. ಆಸ್ಪತ್ರೆಯ ಬೆಂಚಿನಲ್ಲಿ ಕಮಲತ್ತೆ ನನ್ನ ಕಿವಿಯಲ್ಲಿ, "ಅವ ಹೇಳಿದ್ರೆ ನಾನು ಹುಚ್ಚಿ. ನಾನೇ ಹೇಳಿದ್ರೆ ರೋಗಿ" ಎಂದರು.

ಮಗ ಬಾಯಿ ತೆರೆಯುವ ಮೊದಲೇ ಹರಕು ಮಲಯಾಳಂನಲ್ಲಿ ಎಲ್ಲವನ್ನೂ ಹೇಳಿದರು, ಕೊಡೆಯ ಕಥೆಯನ್ನೂ ಬಿಡದೆ. ಡಾಕ್ಟರು ನಗಲಿಲ್ಲ. "ಅಮ್ಮೇ, ಇದು ಮಾತ್ರೆ ಹೆಚ್ಚಾದದ್ದೇ ಇರಬಹುದು. ನಿಲ್ಲಿಸುವುದು ಬೇಡ, ಸ್ವಲ್ಪ ಇಳಿಸಿ ನೋಡೋಣ" ಎಂದರು.

ಕಮಲತ್ತೆ ಮಗನತ್ತ ತಿರುಗಿದರು. "ಕೇಳ್ತಾ?"

ಮಾತ್ರೆ ಇಳಿಸಿದ ಮೇಲೆ ಹೆಜ್ಜೆ ತುಸು ಚಿಕ್ಕದಾಯಿತು. ಪರದೆಗಳು ಉಳಿದವು, ಒಂದು ಹಳೆಯ ಲಂಗವನ್ನು ಮಾತ್ರ ಅವರ ಪಾಲಿಗೆ ಬಿಟ್ಟುಕೊಟ್ಟೆವು.

ಮರುವರ್ಷ ರಾಘವನಿಗೆ ಮಂಗಳೂರಿಗೆ ವರ್ಗವಾಯಿತು. ತಂಪಾನೂರಿನ ನಿಲ್ದಾಣದಲ್ಲಿ, ರೈಲಿನ ಮೆಟ್ಟಿಲೆದುರು, ಅವರ ಕಾಲು ನೆಲಕ್ಕೆ ಅಂಟಿಕೊಂಡಿತು. ರಾಘವ ಎತ್ತಲು ಬಾಗಿದ. "ದೂರ ನಿಲ್ಲು ಮಗಾ." ಹಿಂದಿನಿಂದ ಯಾರೋ, "ವೇಗಂ ಕೇರಮ್ಮೇ!" ಎಂದು ಬೇಗ ಹತ್ತಲು ಅವಸರಪಡಿಸಿದರು. "ರೈಲು ನಿನ್ನಪ್ಪಂದಾ?" ಎಂದು ಕನ್ನಡದಲ್ಲೇ ಗದರಿ, ಆ ಸಿಟ್ಟಿನ ಬಲದಲ್ಲೇ ಕಾಲೆತ್ತಿ ಹತ್ತಿಬಿಟ್ಟರು. ಬಾಗಿಲಲ್ಲಿ ತಿರುಗಿ ನಿಂತು, ಗೆದ್ದವರಂತೆ ಕೈ ಬೀಸಿದರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಬಂದರೂ ಹತ್ತದೆ, ಶ್ರೀಕಾರ್ಯಂನ ನನ್ನ ಕಚೇರಿಯವರೆಗೂ ನಡೆದೇ ಹೋದೆ. ತಡವಾಗಿತ್ತು. ಯಾಕೆಂದು ಕೇಳಿದವರಿಗೆ, "ನಾನೇ ನಡ್ಕೊಂಡು ಬಂದದ್ದು" ಎಂದೆ.