ಸಾಹೇಬರ ಮನೆಯ ಟಿ.ವಿ.ಯಲ್ಲಿ ಶಟಲ್

ಮಗಳು ತಾನು ತಂದ ವಿಡಿಯೋ ಗೇಮನ್ನು ಟಿ.ವಿ.ಗೆ ಜೋಡಿಸುವಷ್ಟರಲ್ಲಿ ನಾನು ಶೂ ಹಾಕಿಕೊಂಡು ಬಂದು ನಿಂತಿದ್ದೆ. ಆಟ ಎಂದ ಮೇಲೆ ಬರಿಗಾಲಲ್ಲಿ ನಿಂತು ನನಗೆ ಅಭ್ಯಾಸವಿಲ್ಲ. ವಿದ್ಯಾರ್ಥಿನಿಲಯದಲ್ಲಿ ಬೆಳೆದು, ಗಂಟೆ ಬಾರಿಸುವ ಮೊದಲೇ ಹಾಸಿಗೆ ಸುತ್ತಿಡುವುದನ್ನು ಕಲಿತು, ಮುಂದೆ ಹರಿಹರದ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದವನು ನಾನು. ಮಗಳು ನನ್ನ ಶೂ ನೋಡಿದಳು. ಒಂದು ಬಿಳಿ ರಿಮೋಟನ್ನು ನನ್ನ ಕೈಗಿಟ್ಟು ಅದರ ಪಟ್ಟಿಯನ್ನು ಮಣಿಕಟ್ಟಿಗೆ ಬಿಗಿದಳು.

ಆಟ ಶಟಲ್. ಪರದೆಯ ಮೇಲೆ ಹಸಿರು ಅಂಕಣ, ನಡುವೆ ನೆಟ್, ಆಚೆಗೊಂದು ಈಚೆಗೊಂದು ಗೊಂಬೆ. ಈಚೆಗಿನದು ನಾನಂತೆ. ಎದುರಿನಿಂದ ಶಟಲ್ ಎತ್ತರದಲ್ಲಿ ಬಂತು. ಹೆಜ್ಜೆ ಹಿಂದಿಟ್ಟು, ಭುಜ ತಿರುಗಿಸಿ, ತೋಳು ಪೂರ್ತಿ ಚಾಚಿ ಹೊಡೆದೆ. ಗೊಂಬೆ ಸುಮ್ಮನೆ ನಿಂತಿತ್ತು. ಶಟಲ್ ಅದರ ಕಾಲ ಬಳಿ ಬಿತ್ತು. ಇನ್ನೊಮ್ಮೆ ಹೊಡೆದೆ. ಈ ಸಲ ಶಟಲ್ ನೆಲಕ್ಕೆ ಬಿದ್ದ ಮೇಲೆ ಗೊಂಬೆ ಬ್ಯಾಟು ಬೀಸಿತು.

“ಅಪ್ಪಾಜಿ, ಅಷ್ಟು ಜೋರು ಬೀಸಬ್ಯಾಡ್ರಿ. ಮಣಿಕಟ್ಟು ಒಂಚೂರು ಹಿಂಗ ಅಲ್ಲಾಡಿಸಿದ್ರ ಸಾಕು.”

“ಕಾಲು?”

“ಕಾಲು ಅದರಷ್ಟಕ್ಕೆ ಅದೇ ಓಡ್ತೈತೆ. ಬೇಕಾದ್ರ ಕುಂತ್ಕೊಂಡೂ ಆಡಬೌದು.”

ಅವಳು ಸೋಫಾದಲ್ಲಿ ಕೂತು, ಒಂದು ಕೈಯಲ್ಲಿ ಫೋನ್ ನೋಡುತ್ತ, ಇನ್ನೊಂದು ಕೈಯಲ್ಲಿ ನೊಣ ಓಡಿಸಿದ ಹಾಗೆ ರಿಮೋಟು ಆಡಿಸಿ ಪಾಯಿಂಟಿನ ಮೇಲೆ ಪಾಯಿಂಟು ತೆಗೆದಳು. ಹೊಡೆತ ಪಾದದಿಂದ ಹುಟ್ಟಬೇಕೆಂದು ಮಕ್ಕಳಿಗೆ ಹೇಳಿಕೊಡುತ್ತಲೇ ನನ್ನ ನೌಕರಿ ಮುಗಿದಿತ್ತು. ಈ ಆಟಕ್ಕೆ ಪಾದವೇ ಇರಲಿಲ್ಲ. ಶಟಲ್ ಬ್ಯಾಟಿನ ತಂತಿಗೆ ತಾಗಿದಾಗ ಅಂಗೈಗೆ ಬರುವ ಆ ಸಣ್ಣ ಪೆಟ್ಟೂ ಇರಲಿಲ್ಲ. ಅದರ ಬದಲು ರಿಮೋಟು ಕೈಯೊಳಗೆ ಗುರ್ರ್ ಎನ್ನುತ್ತಿತ್ತು. ಇಂಥದ್ದನ್ನು ಆಟವೆಂದು ಮಾರುತ್ತಾರಲ್ಲ ಎಂದು ಬೇಸರಪಟ್ಟು ಪಟ್ಟಿ ಬಿಚ್ಚುತ್ತಿದ್ದೆ. ಆಗ ಸಾಹೇಬರು ನೆನಪಾದರು. ಓಡುವ ಹಾಗಿಲ್ಲ, ತೋಳು ಎತ್ತುವ ಹಾಗಿಲ್ಲ, ಮಣಿಕಟ್ಟು ಒಂಚೂರು ಆಡಿದರೆ ಸಾಕು. ಈ ಆಟದ ಕೊರತೆಗಳೆಲ್ಲ ಅವರಿಗೆ ಅನುಕೂಲವೇ ಅಲ್ಲವೇ?

ಸಾಹೇಬರೆಂದರೆ ಹರಿಹರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಶಟಲ್ ಜೊತೆಗಾರರು. ನಾನು ಊರಲ್ಲಿದ್ದಷ್ಟು ಕಾಲವೂ ಬೆಳಗಿನ ಆಟ ಅವರ ಜೊತೆ, ಒಮ್ಮೆ ಒಂದೇ ಕಡೆ, ಒಮ್ಮೆ ಎದುರುಬದುರು. ನಿವೃತ್ತಿಯಾಗಿ ದಾವಣಗೆರೆಯ ಪಿ.ಜೆ. ಬಡಾವಣೆಗೆ ಬಂದ ಮೇಲೂ ನಾನು ಮೊದಲ ಬಸ್ಸಿಗೆ ಹರಿಹರಕ್ಕೆ ಹೋಗಿ, ಆಡಿ, ತಿಂಡಿಯ ಹೊತ್ತಿಗೆ ಮನೆಗೆ ಬರುತ್ತಿದ್ದೆ. ನಮ್ಮಿಬ್ಬರ ನಡುವೆ ಸಂಸಾರದ ಮಾತು ಬಂದದ್ದು ಕಡಿಮೆ. ಅವರ ಅಂಗಡಿಯೊಳಗೆ ನಾನು ಕೂತಿಲ್ಲ, ನಮ್ಮ ಮನೆಯಲ್ಲಿ ಅವರು ಉಂಡಿಲ್ಲ. ಆಟ ಒಂದಿತ್ತು, ಅದರಲ್ಲೇ ಎಲ್ಲ ಇತ್ತು.

ಮೊದಲು ಅವರ ಸರ್ವ್ ಕೆಟ್ಟಿತು. ಎಡಗೈಯಲ್ಲಿ ಹಿಡಿದ ಶಟಲ್ ಹೊಡೆಯುವ ಮೊದಲೇ ಜಾರಿ ಬೀಳುತ್ತಿತ್ತು. ಆಮೇಲೆ ಬಲಗೈಗೂ ನಡುಕ ಬಂತು. ಪಿ.ಜೆ. ಬಡಾವಣೆಯ ಡಾಕ್ಟರು ಪಾರ್ಕಿನ್ಸನ್ ಎಂದರು. ಆದರೂ ಅವರು ಅಂಕಣಕ್ಕೆ ಬರುವುದು ಬಿಟ್ಟಿದ್ದು ಅದಕ್ಕಲ್ಲ. ಎದುರಾಳಿಗಳು ಕನಿಕರದಿಂದ ಶಟಲನ್ನು ಅವರ ಬ್ಯಾಟಿನ ಹತ್ತಿರವೇ ಮೆತ್ತಗೆ ಹಾಕತೊಡಗಿದರು. “ನನಗ ಕೂಸಿಗೆ ತುತ್ತು ಇಟ್ಟಂಗ ಇಡಾಕ ಹತ್ಯಾರ್ರಿ ಮೇಷ್ಟ್ರೆ,” ಎಂದು ಬ್ಯಾಟು ಚೀಲಕ್ಕೆ ಹಾಕಿದವರು ಮತ್ತೆ ಬರಲಿಲ್ಲ. ನಾನೂ ಹೋಗುವುದು ಬಿಟ್ಟೆ. ಅವರಿಲ್ಲದೆ ನನ್ನಿಂದಾಗಲಿಲ್ಲ. ಇನ್ನು ಆ ಮನೆಗೆ ಹೋದರೆ ರೋಗಿಯನ್ನು ನೋಡಲು ಹೋದಂತೆ; ಹಾಗೆ ಹೋಗಲು ನನಗೆ ಮನಸ್ಸಿರಲಿಲ್ಲ. ಆಟಗಾರನ ಮನೆಗೆ ಆಟಗಾರನಾಗಿಯೇ ಹೋಗಬೇಕಿತ್ತು.

ಮಗಳಿಂದ ತಂತಿ ಜೋಡಿಸುವುದನ್ನು ಕಲಿತು, ಗೇಮಿನ ಪೆಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ, ಮರುದಿನ ಬೆಳಿಗ್ಗೆ ಹರಿಹರಕ್ಕೆ ಹೊರಟೆ. ಸಾಹೇಬರು ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ಬಲಗೈ ತೊಡೆಯ ಮೇಲೆ ತನ್ನ ಪಾಡಿಗೆ ಆಡುತ್ತಿತ್ತು.

“ಬರ್ರಿ ಮೇಷ್ಟ್ರೆ. ಏನ್ರಿ, ಗಂಟು ಹೊತ್ಕೊಂಡು ಬಂದೀರಿ? ಮನ್ಯಾಗ ಹೊರಗ ಹಾಕಿದ್ರೇನು?”

“ಕೋರ್ಟ್ ತಂದೀನಿ.”

ಅವರು ಹೆಂಡತಿಯ ಕಡೆ ತಿರುಗಿದರು. “ನೋಡಿದೇನು? ಅಲ್ಲಿ ಸೋತಿದ್ದು ಸಾಲಲಿಲ್ಲಂತ ಮನಿಗೇ ಬಂದಾರ ಸೋಲಾಕ.”

ಭಾಬಿ ಸೆರಗಿನಿಂದ ಟಿ.ವಿ. ಒರೆಸಿ ಕೊಟ್ಟರು. ನಾನು ಎಲ್ಲ ಜೋಡಿಸಿದೆ. ಪರದೆಯ ಮೇಲೆ ಅಂಕಣ ಬಂದಾಗ ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಅವರ ಮುಖದಲ್ಲಿ ಹಳೆಯ ಬೆಳಗಿನ ಚುರುಕು ಕಾಣಿಸಿತು. ನಾನೂ ಅದಕ್ಕೇ ಬಂದಿದ್ದೆ.

ಆದರೆ ಆಟ ಶುರುವಾಗಲಿಲ್ಲ. ರಿಮೋಟನ್ನು ಅಲುಗಾಡಿಸದೆ ಪರದೆಗೆ ಗುರಿ ಹಿಡಿಯಿರಿ ಎಂದು ಅದು ಕೇಳುತ್ತಿತ್ತು. ಸಾಹೇಬರು ಹಿಡಿದರು. ಕೆಂಪು ಗೆರೆ ಬಂತು, ಮತ್ತೆ ಹಿಡಿಯಿರಿ ಎಂದಿತು. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದರು. ಮತ್ತೆ ಕೆಂಪು ಗೆರೆ. ಭಾಬಿ ಅಡುಗೆಮನೆಗೆ ಹೋದರು, ಕೆಲಸವಿತ್ತೆಂದಲ್ಲ.

“ಕೊಡ್ರಿ ಇಲ್ಲಿ,” ಎಂದು ರಿಮೋಟು ತೆಗೆದುಕೊಂಡು ನಾನೇ ಹಿಡಿದೆ. ಗೆರೆ ಹಸಿರಾಯಿತು. ತಕ್ಷಣ ಅವರ ಕೈಗಿಟ್ಟೆ.

ಎದುರಿನ ಗೊಂಬೆ ಸರ್ವ್ ಮಾಡಿತು. ಸಾಹೇಬರ ಕಣ್ಣು ಶಟಲಿನ ಮೇಲಿತ್ತು. ಅವರು ಕಾಯುತ್ತಿದ್ದರು, ಯಾವಾಗಲೂ ತಡವಾಗಿ ಹೊಡೆಯುವ ಆಟಗಾರ ಅವರು, ಎದುರಿನವನನ್ನು ಮೋಸಗೊಳಿಸುವುದೇ ಹಾಗೆ. ಆದರೆ ಅವರ ಗೊಂಬೆ ಕಾಯಲಿಲ್ಲ. ಕೈ ನಡುಗಿದಂತೆಲ್ಲ ಬ್ಯಾಟು ಬೀಸಿತು. ಶಟಲ್ ಆಚೆ ಹೋಯಿತು, ವಾಪಸ್ ಬಂತು, ಮತ್ತೆ ಹೋಯಿತು. ಬಿಡುವಿಲ್ಲದೆ ಬೀಸುವ ಬ್ಯಾಟಿಗೆ ತಪ್ಪುವುದೇ ಇಲ್ಲವಲ್ಲ. ಪಾಯಿಂಟು ಬಂತು. ಟಿ.ವಿ.ಯೊಳಗಿನ ಜನ ಚಪ್ಪಾಳೆ ತಟ್ಟಿದರು. ಇನ್ನೊಂದು ಪಾಯಿಂಟು. ಮತ್ತೆ ಚಪ್ಪಾಳೆ.

ನಾನು ಮೂರ್ಖನಂತೆ, “ಶಾಬಾಸ್ ಸಾಹೇಬ್ರೆ,” ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. ಒಂದು ಸರ್ವ್ ಬಂದಾಗ ಬೇಕೆಂದೇ ಹೊಡೆಯದೆ ಬಿಡಲು ನೋಡಿದರು. ಆಗಲಿಲ್ಲ. ಗೊಂಬೆ ಅದನ್ನೂ ಹೊಡೆದು ಗೆದ್ದಿತು. ಅವರು ರಿಮೋಟನ್ನು ಕುರ್ಚಿಯ ಪಕ್ಕದ ಸ್ಟೂಲಿನ ಮೇಲಿಟ್ಟರು. ಆಗ ಮಾತ್ರ ಗೊಂಬೆ ನಿಂತಿತು.

“ನಾನಲ್ರಿ ಆಡಿದ್ದು. ನನ್ನ ಕಾಯಿಲೆ ಆಡ್ತು. ನಾನು ಕುಂತು ನೋಡ್ದೆ.”

“ಮೆಷಿನ್ ಸರಿ ಇಲ್ಲ. ಮಗಳಿಗೆ ಹೇಳಿ ಬ್ಯಾರೆದು…”

“ಬ್ಯಾಡ್ರಿ ಮೇಷ್ಟ್ರೆ.” ದನಿ ಏರಿರಲಿಲ್ಲ. “ಕೋರ್ಟಿನಾಗ ಅವರಾದ್ರೂ ಮೆತ್ತಗ ಹಾಕ್ತಿದ್ರು. ಇದು ನನ್ನ ಕೈ ನೋಡಿ ಚಪ್ಪಾಳಿ ಹೊಡೀತೈತೆ.”

ನಾನು ಟಿ.ವಿ. ಆರಿಸಿದೆ. ತಂತಿಗಳನ್ನು ಒಂದೊಂದಾಗಿ ಬಿಚ್ಚಿ ಸುತ್ತಿದೆ. ಭಾಬಿ ಚಹಾ ತಂದರು. ಸಾಹೇಬರ ಲೋಟ ಅರ್ಧವೇ ತುಂಬಿತ್ತು, ತುಳುಕಬಾರದೆಂದು. ನಾನು ಹೊರಡುವಾಗ ಅವರು ಕೇಳಿದರು, “ನೀವು ಕೋರ್ಟಿಗೆ ಹೋಗೋದು ಬಿಟ್ಟೀರಂತ?”

“ಹೂಂ. ಮಂಡಿ ನೋವು.”

“ಸುಳ್ಳು. ನಿಮ್ಮ ಮಂಡಿ ಕಬ್ಬಿಣ. ನಾಳಿಯಿಂದ ಹೋಗ್ರಿ. ಇಬ್ಬರದೂ ಯಾಕ ಕೆಡಬೇಕು?”

ಮರುದಿನ ಹೋದೆ. ಅಂಚೆ ಕಚೇರಿಯ ನಿವೃತ್ತರೊಬ್ಬರು ಜೊತೆ ಹುಡುಕುತ್ತಿದ್ದರು. ಆಡಿದೆವು. ಮೊದಲ ಕೆಲವು ಹೊಡೆತಗಳಲ್ಲಿ ಕೈ ತಡವರಿಸಿತು. ಆಮೇಲೆ ಪಾದ ತಾನಾಗಿ ಹಿಂದೆ ಸರಿಯಿತು, ಭುಜ ತಿರುಗಿತು, ಅಂಗೈಗೆ ಆ ಪೆಟ್ಟು ತಾಗಿತು. ಬೆವರು ಬಂತು. ಆಟ ಚೆನ್ನಾಗಿಯೇ ಆಯಿತು. ಅದು ಚೆನ್ನಾಗಿ ಆಗಬಾರದಿತ್ತು ಎಂದು ಬಸ್ಸಿನಲ್ಲಿ ಕೂತ ಮೇಲೆ ಅನ್ನಿಸಿತು. ಕಿಟಕಿಯ ಕಡೆ ಮುಖ ಮಾಡಿಕೊಂಡೇ ದಾವಣಗೆರೆಯವರೆಗೂ ಬಂದೆ.

ಸಂಜೆ ಸಾಹೇಬರ ಫೋನು ಬಂತು.

“ಹೋಗಿದ್ರೇನು?”

“ಹೋಗಿದ್ದೆ.”

“ಯಾರ ಜೊತಿ?”

ಹೇಳಿದೆ.

“ಬ್ಯಾಕ್‌ಹ್ಯಾಂಡ್ ಹೆಂಗೈತೆ ಅವರದು?”

ಅವರಿಗೆ ಎಂದೂ ಸುಲಭದ ಶಟಲ್ ಹಾಕಿದವನಲ್ಲ ನಾನು.

“ಚೆನ್ನಾಗೈತೆ,” ಎಂದೆ.

ಫೋನು ಅವರ ಕಿವಿಗೆ ತಾಗಿ ತಾಗಿ ಸರಿಯುವ ಸದ್ದು ಕೇಳಿತು.

“ಹಂಗಾದ್ರ ಅವರನ್ನ ಬಿಡಬ್ಯಾಡ್ರಿ,” ಎಂದರು.